ಎರೆಮಣ್ಣಿನ ಊರಿನಲ್ಲಿ ಹಳೆ ಜೀಪು

ಹಿಂದಿನ ಎಕ್ಸೆಲ್ಲಿನ ಹೌಸಿಂಗಿನ ಕೆಳಗಿನ ಬೂಚು ಬಿಚ್ಚಿದರೆ ಕಪ್ಪಗಿನ ದಪ್ಪ ಎಣ್ಣೆ ಇಳಿಯಬೇಕು. ನನ್ನ ಎಂಎಂ 540 ಜೀಪಿನಿಂದ ಇಳಿದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ ನೊರೆ. ಖಂಡೇಪೂಜೆಗೆ ಇನ್ನು ನಾಲ್ಕು ದಿನವಿತ್ತು. ಆ ಮಳೆಗಾಲದಲ್ಲಿ ನವಲಗುಂದದ ಕಡೆ ಹೊಲಕ್ಕೆ ಹೋಗುವಾಗ ಒಮ್ಮೆ ಹಳ್ಳ ದಾಟಿದ್ದೆ. ನೀರು ಗಾಲಿಯ ಹಬ್ಬು ಮುಳುಗುವಷ್ಟು ಬಂದಿತ್ತು, ಅಷ್ಟೇ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆ ಜಾಗಕ್ಕೆ ಹೊರಗಿನ ಗಾಳಿ ಬರಲೆಂದು ಹೌಸಿಂಗಿನ ಮೇಲೆ ಬ್ರೀದರ್ ಎಂಬ ಬೆರಳಿನಷ್ಟು ಉಸಿರುಗೊಳವೆ ಇರುತ್ತದೆ. ನನ್ನ ಗಾಡಿಯಲ್ಲಿ ಅದರ ಬಾಯಿ ಎರೆಮಣ್ಣಿನಿಂದ ಮುಚ್ಚಿತ್ತು. ಉಸಿರು ಕಟ್ಟಿದ ಹೌಸಿಂಗ್ ಸವೆದ ಆಯಿಲ್ ಸೀಲಿನ ತುಟಿಯಿಂದ ನೀರನ್ನೇ ಎಳೆದುಕೊಂಡಿತ್ತು. ಬ್ರೀದರ್ ಸ್ವಚ್ಛ ಮಾಡಲು ಬೇಕಾದದ್ದು ಒಂದು ತಂತಿ ತುಂಡು, ಎರಡು ನಿಮಿಷ. ಅದನ್ನು ಮಾಡದೆ ಹೋದದ್ದಕ್ಕೆ ಹೌಸಿಂಗಿನೊಳಗಿನ ಗೇರು ಜೋಡಿ, ಕ್ರೌನ್-ಪಿನಿಯನ್ನೇ ಹೋಗಬಹುದಿತ್ತು.

ಹಳೆ ಫೋರ್‌ವ್ಹೀಲ್ ಗಾಡಿಯನ್ನು ಮನೆಯಲ್ಲೇ ದುರಸ್ತಿ ಮಾಡಿಕೊಂಡು ಇಟ್ಟುಕೊಳ್ಳಬಹುದೇ ಎಂದು ಹುಬ್ಬಳ್ಳಿ-ಧಾರವಾಡದಲ್ಲಿ ಕೇಳುವವರು ಎರಡು ಬಗೆ. ಅಪ್ಪನೋ ಕಾಕಾನೋ ಬಿಟ್ಟುಹೋದ ಜೀಪು ಹಿತ್ತಲಿನ ತಗಡಿನ ಕೆಳಗೆ ನಿಂತಿರುವ ಒಕ್ಕಲು ಮನೆತನದವರು ಒಂದು ಕಡೆ. ದಾಂಡೇಲಿ, ಜೋಯಿಡಾ, ಯಲ್ಲಾಪುರದ ಕಾಡುದಾರಿಯ ಆಸೆಗೆ ಹಳೆ ಜಿಪ್ಸಿ ಕೊಂಡ ನೌಕರಿಯವರು, ಕಾಲೇಜು ಹುಡುಗರು ಇನ್ನೊಂದು ಕಡೆ. ಇಬ್ಬರೂ ಮೊದಲು ಬಾನೆಟ್ಟು ಎತ್ತಿ ಎಂಜಿನ್ ನೋಡುತ್ತಾರೆ. ಇಷ್ಟು ವರ್ಷ ಗಾಡಿಯ ಕೆಳಗೆ ಮಲಗಿ ನಾನು ಕಂಡದ್ದು ಬೇರೆ. ಈ ನೆಲದಲ್ಲಿ ಹಳೆ ಜೀಪಿನ ಆಯಸ್ಸು ತೀರ್ಮಾನವಾಗುವುದು ಸೀಲು, ಬುಶ್ಶು, ರಬ್ಬರು, ಗ್ರೀಸಿನಲ್ಲಿ. ಮಣ್ಣನ್ನೂ ನೀರನ್ನೂ ಒಳಗೆ ಬಿಡದಂತೆ ಕಾಯುವುದು ಮನೆಯವರ ಕೆಲಸ. ಅದನ್ನು ಗ್ಯಾರೇಜು ಮಾಡಿಕೊಡಲಾರದು. ಸವೆದ ಲೋಹವನ್ನು ಮತ್ತೆ ಅಳತೆಗೆ ತರುವುದು ಊರಿನ ಕೆಲಸ. ಅದನ್ನು ಮನೆಯಲ್ಲಿ ಮಾಡಲು ಹೋಗಬಾರದು. ಈ ಗೆರೆ ಗೊತ್ತಿದ್ದವರ ಗಾಡಿ ನಲವತ್ತು ವರ್ಷವಾದರೂ ಓಡುತ್ತದೆ.

ಇಲ್ಲಿ ಸಿಗುವ ಗಾಡಿಗಳ ವಂಶಾವಳಿ ಚಿಕ್ಕದು. ಎರಡನೆಯ ಮಹಾಯುದ್ಧಕ್ಕೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸುಮಾರು 6.4 ಲಕ್ಷ ಜೀಪು ಕಟ್ಟಿದವು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಗೆ, ಮಹೀಂದ್ರ ಕಂಪನಿ ಮುಂಬಯಿಯ ಮಝಗಾಂವದಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿತು. ಹಿರಿಯರು ‘ಪೆಟ್ರೋಲ್ ಜೀಪು’ ಎಂದು ನೆನೆಯುವ ಎತ್ತರದ ಬಾನೆಟ್ಟಿನ ಗಾಡಿ ಸಿಜೆ-3ಬಿ. ಅದರ 2199 ಸಿಸಿ ಎಂಜಿನ್ನಿನಲ್ಲಿ ಒಂದು ಸಾಲು ವಾಲ್ವು ಹೆಡ್ಡಿನಲ್ಲಿ, ಇನ್ನೊಂದು ಸಾಲು ಬ್ಲಾಕಿನ ಬದಿಯಲ್ಲಿ. ಎಂಜಿನ್ ಎತ್ತರವಾದ್ದರಿಂದ ಬಾನೆಟ್ಟೂ ಏರಬೇಕಾಯಿತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಈ ಮಾದರಿ ನಮ್ಮಲ್ಲಿ ಆಮೇಲೂ ಬಹುಕಾಲ ಬಾಳಿತು. ಪೆಟ್ರೋಲ್ ತುಟ್ಟಿಯಾದಂತೆ ಡೀಸೆಲ್ ಬಂತು. 1980ರ ದಶಕದ ನಡುವೆ ಬಂದ ಎಂಎಂ 540ರ ಎಂಜಿನ್ ಫ್ರಾನ್ಸಿನ ಪೆಜೋ ಕಂಪನಿಯ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರು, 90 ಮಿಲಿಮೀಟರ್ ಬೋರು, ಒಟ್ಟು 2112 ಸಿಸಿ ಎಂಬುದು ಹೆಸರಿನಿಂದಲೇ ಅರ್ಧ ತಿಳಿಯುತ್ತದೆ.

ಮಾರುತಿ ಜಿಪ್ಸಿ ಬಂದದ್ದು 1985ರ ಕೊನೆಗೆ, 970 ಸಿಸಿ ಎಂಜಿನ್ನಿನೊಂದಿಗೆ. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು, 2000ದಲ್ಲಿ ಕಾರ್ಬೋರೇಟರ್ ಹೋಗಿ ಇಂಜೆಕ್ಷನ್ ಬಂತು. ಇವೆರಡರ ಆಚೆಗೆ ಸೇನೆಯ ಹರಾಜಿನಿಂದ ಹೊರಬಂದ ಜೋಂಗಾಗಳಿವೆ. ಜಬಲ್ಪುರದ ಸೇನಾ ಕಾರ್ಖಾನೆಯಲ್ಲಿ ನಿಸಾನ್ ಪರವಾನಗಿಯಿಂದ ತಯಾರಾದ, ಸುಮಾರು ನಾಲ್ಕು ಸಾವಿರ ಸಿಸಿಯ ಪೆಟ್ರೋಲ್ ಗಾಡಿ ಅದು. ಜೋಂಗಾ ನೋಡಲು ಗಂಭೀರ. ಆದರೆ ಮನೆಯ ದುರಸ್ತಿಗೆ, ಮನೆಯ ಖರ್ಚಿಗೆ ಅದು ಒಗ್ಗುವ ಗಾಡಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕೊಳ್ಳುವ ಮೊದಲು ಗಾಡಿಯ ಮುಂದೆ ಕೂತು ಕೆಳಗೆ ಬಗ್ಗಿ ನೋಡಬೇಕು. ಮುಂದಿನ ಎಕ್ಸೆಲ್ಲಿನಲ್ಲಿ ಗುಂಡನೆಯ ಹೌಸಿಂಗ್ ಇಲ್ಲದಿದ್ದರೆ, ಮೈಯೆಲ್ಲಾ ಜೀಪಿನಂತಿದ್ದರೂ ಅದು ಎರಡು ಗಾಲಿ ಎಳೆಯುವ ಗಾಡಿ. ಹೌಸಿಂಗ್ ಇದ್ದೂ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಇಲ್ಲದ ಗಾಡಿಗಳೂ ಬಹಳ. ಡೀಸೆಲ್ ಉಳಿಯಲೆಂದು ಹಿಂದಿನವರು ಅದನ್ನು ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ, ಆಮೇಲೆ ಅದು ಗುಜರಿಗೆ ಹೋಗಿರುತ್ತದೆ.

ಇನ್ನು ಮಣ್ಣಿನ ಮಾತು. ಧಾರವಾಡ ಅರೆಮಲೆನಾಡು. ಅಲ್ಲಿಂದ ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳದ ಕಡೆ ಹೋದರೆ ಕೆಂಪು ಮಸಾರಿ ನೆಲ, ತೇಗದ ಕಾಡು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಕುಂದಗೋಳ, ಅಣ್ಣಿಗೇರಿ, ನವಲಗುಂದದ ಕಡೆ ಹೊರಟರೆ ಕಣ್ಣು ಹಾಯುವಷ್ಟು ದೂರ ಎರೆ. ಕೆಂಪು ಮಣ್ಣು ತೊಳೆದರೆ ಬಿಡುತ್ತದೆ. ಎರೆಯ ಗುಣ ಬೇರೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ತನ್ನ ಪದರಗಳ ನಡುವೆ ನೀರು ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುವ ಆ ಮಣ್ಣೇ ಗಾಡಿಯ ಸ್ಪ್ರಿಂಗ್ ಪಾಟಾಗಳ ಸಂದಿ, ಚಾಸಿಯ ಪೊಳ್ಳು, ಬ್ರೇಕ್ ಡ್ರಮ್ಮಿನ ಹಿಂಬದಿ, ರೇಡಿಯೇಟರಿನ ಜಾಲರಿಯೊಳಗೆ ಹೊಕ್ಕು ಕೂರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ತೇವ ಹಿಡಿದಿರುತ್ತದೆ. ಜಿಪ್ಸಿಯಂಥ ತೆಳು ಪತ್ರಾದ ಗಾಡಿಗೆ ಇದು ಬಹಳ ಕೆಟ್ಟದ್ದು. ಕಾಲಿಡುವ ತಳ, ಬಾಡಿ ಕೂರುವ ಜಾಗ ಮೊದಲು ಜಂಗು ಹಿಡಿದು ಹೋಗುತ್ತವೆ.

ಆದ್ದರಿಂದ ಹೊಲದಿಂದ ಬಂದ ಗಾಡಿಯನ್ನು ಮಣ್ಣು ಹಸಿಯಿರುವಾಗಲೇ ತೊಳೆಯಬೇಕು. ಸರ್ವಿಸಿಂಗ್ ಅಂಗಡಿಯ ಜೋರು ಪಂಪಿಗಿಂತ ಮನೆಯ ಪೈಪು, ಒಂದು ಬಿದಿರು ಕಡ್ಡಿ ವಾಸಿ. ಜೋರು ನೀರು ಸೀಲಿನ ತುಟಿ ಸರಿಸಿ ಮಣ್ಣನ್ನು ಬೇರಿಂಗಿನೊಳಗೆ ನುಗ್ಗಿಸುತ್ತದೆ. ಹೊರಗೆ ಫಳಫಳ ಹೊಳೆಯುವ ಗಾಡಿಯ ಹಬ್ಬಿನಿಂದ ಕೆಸರು ಗ್ರೀಸು ತೆಗೆದದ್ದು ಒಂದೆರಡು ಸಲವಲ್ಲ.

ಜೀಪಿನ ಮುಂಗಾಲಿನ ಮಂಡಿ, ಅಂದರೆ ನಕಲ್, ಇಡೀ ಗಾಡಿಯಲ್ಲಿ ಮನೆಯವರ ಕಣ್ಣು ಹೆಚ್ಚು ಬೇಡುವ ಜಾಗ. ಗಾಲಿ ತಿರುಗಬೇಕು, ಅದೇ ಹೊತ್ತಿಗೆ ಎಂಜಿನ್ನಿನ ಶಕ್ತಿಯೂ ಅದಕ್ಕೆ ತಲುಪಬೇಕು. ಅದಕ್ಕೆ ಎಕ್ಸೆಲ್ಲಿನ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಗೋಳ, ಅದರೊಳಗೆ ಜಾಯಿಂಟು, ಸುತ್ತ ಗ್ರೀಸು, ಹೊರಗೆ ಮಣ್ಣು ಒರೆಸುವ ರಬ್ಬರು-ಉಣ್ಣೆಯ ಸೀಲು. ಈ ಸೀಲು ಹರಿದರೆ ಗೋಳದ ಮೇಲೆ ಮಣ್ಣು ಅಂಟಿ ಮರಳುಕಾಗದದಂತೆ ಉಜ್ಜುತ್ತದೆ, ಗೆರೆ ಬೀಳುತ್ತದೆ, ಗೆರೆ ಬಿದ್ದ ಗೋಳ ಮುಂದೆ ಹಾಕುವ ಹೊಸ ಸೀಲನ್ನೂ ತಿನ್ನುತ್ತದೆ. ಬದಲಿಸುವ ಕೆಲಸ ಕಷ್ಟದ್ದಲ್ಲ, ಅರ್ಧ ದಿನದ್ದು. ಬ್ಯಾಟರಿಯ ಬೆಳಕಿನಲ್ಲಿ ಗೋಳವನ್ನು ನೋಡಿ: ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಒಳ್ಳೆಯದು, ಒಣಗಿದ್ದರೆ ಒಳಗೆ ಗ್ರೀಸಿಲ್ಲ, ಹನಿ ಬೀಳುತ್ತಿದ್ದರೆ ಒಳಗಿನ ಎಕ್ಸೆಲ್ ಸೀಲು ಹೋಗಿ ಹೌಸಿಂಗಿನ ಆಯಿಲ್ಲು ಬಂದು ಗ್ರೀಸನ್ನು ತೊಳೆಯುತ್ತಿದೆ.

ಅದೇ ಜಾಗದಲ್ಲಿ ಮೇಲೊಂದು ಕೆಳಗೊಂದು ಕಿಂಗ್ ಪಿನ್ ಬೇರಿಂಗ್ ಇವೆ. ಗಾಲಿ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರೆ ಟಕ್ ಎಂದರೆ ಆಟ ಬಂದಿದೆ ಎಂದರ್ಥ. ಆದರೆ ಆ ಟಕ್ ಹಬ್ ಬೇರಿಂಗಿನದೂ ಇರಬಹುದು. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗಲೂ ಆಟ ಉಳಿದರೆ ಕಿಂಗ್ ಪಿನ್, ನಿಂತುಹೋದರೆ ಹಬ್ಬು. ಗಾಡಿ 50-60ರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗಿಸಿದರೆ ಜನ ಗಾಲಿ ಬ್ಯಾಲೆನ್ಸ್ ಮಾಡಿಸಲು ಓಡುತ್ತಾರೆ. ಬಹಳ ಸಲ ಕಾರಣ ಇಲ್ಲೇ ಇರುತ್ತದೆ. ಬೇರಿಂಗಿನ ಮೇಲಿನ ಕಾಗದ ತೆಳುವಿನ ಶಿಮ್ಮು ಒಂದನ್ನು ತೆಗೆದರೆ ನಡುಕ ನಿಲ್ಲುತ್ತದೆ.

ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲುಗಳಾದ ಕ್ರಾಸುಗಳದು ಕಿವಿಯ ಕೆಲಸ. ನಿಧಾನ ಹೋಗುವಾಗ ಗುಬ್ಬಿ ಚಿಲಿಪಿಲಿ ಅಂದಂತೆ ಕಿಚಕಿಚ ಕೇಳಿದರೆ ಗ್ರೀಸು ಒಣಗಿದೆ. ಗೇರು ಹಾಕಿ ಕ್ಲಚ್ ಬಿಟ್ಟಾಗ ಠಣ್ ಎಂದರೆ ಸೂಜಿ ಬೇರಿಂಗುಗಳು ಪುಡಿಯಾಗುತ್ತಿವೆ. ಗ್ರೀಸ್ ಗನ್ನಿನಿಂದ ಒತ್ತುವಾಗ ನಾಲ್ಕೂ ಬಾಯಿಯಿಂದ ಹಳೆ ಗ್ರೀಸು ಹೊರಬರಬೇಕು. ಮೂರರಿಂದ ಬಂದು ಒಂದು ಸುಮ್ಮನಿದ್ದರೆ ಆ ಒಂದು ಬಾಯಿ ಒಳಗೇ ಸಾಯುತ್ತಿದೆ ಎಂದು ತಿಳಿಯಬೇಕು. ಶಾಫ್ಟ್ ಬಿಚ್ಚುವ ಮೊದಲು ಜಾರುವ ತುಂಡಿನ ಮೇಲೂ ಶಾಫ್ಟಿನ ಮೇಲೂ ಒಂದೇ ಸಾಲಿನಲ್ಲಿ ಪಂಚಿನಿಂದ ಗುರುತು ಹೊಡೆಯಲೇಬೇಕು. ಎರಡು ತುದಿಯ ಕವೆಗಳು ಒಂದೇ ನೇರದಲ್ಲಿ ಕೂರದಿದ್ದರೆ ಗಾಡಿ ಹೊಸ ಕ್ರಾಸು ಹಾಕಿದ ಮೇಲೂ ನಡುಗುತ್ತದೆ, ಹುಡುಕುತ್ತ ಕೂತವರಿಗೆ ಕಾರಣ ಸಿಗುವುದಿಲ್ಲ.

ಫೋರ್‌ವ್ಹೀಲಿನ ಎದೆ ಟ್ರಾನ್ಸ್‌ಫರ್ ಕೇಸು. ಹಳೆ ಜೀಪು, ಜಿಪ್ಸಿ ಎರಡರಲ್ಲೂ ಮುಂದಿನ ಮತ್ತು ಹಿಂದಿನ ಎಕ್ಸೆಲ್ಲಿನ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಲಿವರ್ ಫೋರ್‌ವ್ಹೀಲಿನಲ್ಲಿದ್ದರೆ ಅದಕ್ಕೆ ಅವಕಾಶವಿಲ್ಲ. ಕೆಸರಿನಲ್ಲಿ ಗಾಲಿ ಜಾರಿ ಲೆಕ್ಕ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ, ಆ ತಿರುಚು ಗೇರು-ಶಾಫ್ಟುಗಳಲ್ಲಿ ತುಂಬುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಫೋರ್‌ವ್ಹೀಲ್ ಹಾಕಿ ಗಾಡಿ ತೋರಿಸುವ ಹುಡುಗರಿಗೆ ಇದನ್ನು ಕೂರಿಸಿ ಹೇಳಬೇಕು. ಹಾಗೆಂದು ಎಂದೂ ಹಾಕದೆ ಇರುವುದೂ ತಪ್ಪು. ತಿಂಗಳಿಗೊಮ್ಮೆ ಕಚ್ಚಾ ರಸ್ತೆಯಲ್ಲಿ ನಾಲ್ಕಾರು ಕಿಲೋಮೀಟರ್ ನಾಲ್ಕೂ ಗಾಲಿ ಎಳೆಸಿದರೆ ಮುಂದಿನ ಹೌಸಿಂಗಿನ ಮೇಲುಭಾಗಕ್ಕೆ ಎಣ್ಣೆ ಮುಟ್ಟುತ್ತದೆ, ಲಿವರ್ ಹಿಡಿದುಕೊಳ್ಳುವುದಿಲ್ಲ. ಫ್ರೀವ್ಹೀಲ್ ಹಬ್ ಹಾಕಿಸಿದವರಿಗೆ ಈ ಮಾತು ಇನ್ನೂ ಮುಖ್ಯ.

ಜೀಪಿನ ಹ್ಯಾಂಡ್‌ಬ್ರೇಕ್ ಗಾಲಿಯಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್ಮಿನಲ್ಲಿದೆ. ಅಲ್ಲಿನ ಸೀಲು ಸೋರಿದರೆ ಲೈನರು ಎಣ್ಣೆಯಲ್ಲಿ ನೆನೆದು ಬ್ರೇಕು ಹಿಡಿಯುವುದಿಲ್ಲ. ಜನ ಕೇಬಲ್ ಬಿಗಿಸುತ್ತಾರೆ, ಮತ್ತೆ ಬಿಗಿಸುತ್ತಾರೆ. ಹ್ಯಾಂಡ್‌ಬ್ರೇಕ್ ಹಿಡಿಯದ ಜೀಪಿನಲ್ಲಿ ಮೊದಲು ನೋಡಬೇಕಾದದ್ದು ಆಯಿಲ್ ಸೀಲು.

ಆಯಿಲ್ಲಿನ ಅಂಗಡಿಯಲ್ಲಿ ‘ನೈಂಟಿ ಆಯಿಲ್ ಕೊಡ್ರಿ’ ಎಂದರೆ ಸಾಲದು. ಡಬ್ಬಿಯ ಮೇಲೆ ಜಿಎಲ್-4 ಇದೆಯೋ ಜಿಎಲ್-5 ಇದೆಯೋ ಓದಬೇಕು. ಕ್ರೌನ್-ಪಿನಿಯನ್ನಿನ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಒತ್ತುವುದರಿಂದ ಹೌಸಿಂಗಿಗೆ ಜಿಎಲ್-5 ಬೇಕು. ಅದರಲ್ಲಿರುವ ಗಂಧಕದ ಅಂಶ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನುವುದರಿಂದ ಅಲ್ಲಿಗೆ ಜಿಎಲ್-4. ಎರಡಕ್ಕೂ ಒಂದೇ ಡಬ್ಬಿ ಸುರಿದು, ವರ್ಷದ ಮೇಲೆ ಗೇರು ಕರಕರ ಅನ್ನುತ್ತದೆಂದು ಗೇರ್‌ಬಾಕ್ಸ್ ಇಳಿಸಿದವರನ್ನು ನಾನು ಬಲ್ಲೆ. ಇಳಿಸಿದ ಹಳೆ ಆಯಿಲ್ಲನ್ನು ಗಟಾರಿಗಾಗಲಿ ಬೇಲಿಗಾಗಲಿ ಸುರಿಯಬಾರದು. ಡಬ್ಬಿಯಲ್ಲಿ ಕೂಡಿಟ್ಟು ಹಳೆ ಆಯಿಲ್ ಕೊಳ್ಳುವವರಿಗೆ ಕೊಡಬೇಕು. ಧಾರವಾಡದ ಬಾವಿ, ಕೆರೆಗಳು ಈಗಾಗಲೇ ಸಾಕಷ್ಟು ಕಂಡಿವೆ.

ಎಂಜಿನ್ನಿನ ಬಗ್ಗೆ ಮನೆಯವರು ಮಾಡಬೇಕಾದದ್ದು ಸ್ವಲ್ಪ, ಆದರೆ ತಪ್ಪದೆ. ಪೂರ್ವದ ಊರುಗಳ ಬೋರಿನ ನೀರು ಗಡಸು. ಅದನ್ನು ರೇಡಿಯೇಟರಿಗೆ ಹಾಕಿದರೆ ಒಲೆಯ ಮೇಲಿನ ಪಾತ್ರೆಯಲ್ಲಿ ಕೂತಂತೆ ಸುಣ್ಣದ ಪದರು ಕೂರುತ್ತದೆ, ಕೊಳವೆ ಕಟ್ಟುತ್ತದೆ, ಹೆಡ್ ಪ್ಯಾಕಿಂಗ್ ಸುಡುತ್ತದೆ. ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿನಲ್ಲಿ ಕೂಲೆಂಟ್ ಬೆರೆಸಿ ಹಾಕಿದರೆ ಈ ಸಾಲು ಅಲ್ಲೇ ತುಂಡಾಗುತ್ತದೆ. ಡೀಸೆಲ್ ಗಾಡಿಯಲ್ಲಿ ಫಿಲ್ಟರಿನ ತಳದ ನೀರು ಬಿಡುವುದು, ಫಿಲ್ಟರ್ ಬದಲಿಸಿ ಕೈಪಂಪು ಒತ್ತಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯುವುದು, ಚಳಿಗಾಲದ ಮುಂಜಾನೆ ಸ್ಟಾರ್ಟ್ ಆಗದಿದ್ದರೆ ಹೀಟರ್ ಪ್ಲಗ್ಗುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಎಲ್ಲರಿಗೂ ಬರುವ ಕೆಲಸ. ಇಂಜೆಕ್ಷನ್ ಪಂಪು ಮಾತ್ರ ಮುಟ್ಟಬಾರದು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ ಕಂಪನಿಯ ಹೆಸರಿನಿಂದ ಇಂದಿಗೂ ನಮ್ಮವರು ಆ ಪಂಪನ್ನು ಗುರುತಿಸುತ್ತಾರೆ. ಅದರೊಳಗಿನ ಅಳತೆ ಕೂದಲೆಳೆಗಿಂತ ಎಷ್ಟೋ ಸಣ್ಣದು. ನಾಜಲ್ಲಿನಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುವಷ್ಟು ರಭಸದ್ದು; ಚಿಮ್ಮುವುದನ್ನು ಕೈಯೊಡ್ಡಿ ನೋಡಬಾರದು.

ಬ್ರೇಕಿನ ಮಾತು ಬಂದಾಗ ನನ್ನ ದನಿ ಗಟ್ಟಿಯಾಗುತ್ತದೆ. ಹಳೆ ಜೀಪುಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ಲೈನು. ಎಲ್ಲೇ ಒಂದು ಕಡೆ ಒಡೆದರೂ ಪೆಡಲು ತಳಕ್ಕೆ ಹೋಗುತ್ತದೆ, ಒಂದೂ ಗಾಲಿ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ಲು ಗಾಳಿಯ ತೇವ ಹೀರುವ ಗುಣದ್ದು, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಏರ್ ತೆಗೆಯಲು ಇಬ್ಬರು ಬೇಕು. ನಮ್ಮ ಮನೆಯಲ್ಲಿ ಪೆಡಲಿನ ಮೇಲೆ ಮಗಳು, ಗಾಲಿಯ ಹತ್ತಿರ ನಾನು. ‘ಒತ್ತವಾ’, ‘ಹಿಡಿ’, ‘ಬಿಡು’ ಎಂಬ ಮೂರು ಮಾತು. ನಾನು ನಿಪ್ಪಲ್ ಮುಚ್ಚಿ ‘ಬಿಡು’ ಅನ್ನುವವರೆಗೆ ಅವಳ ಕಾಲು ಮೇಲೇಳುವುದಿಲ್ಲ. ಹಳೆ ಲೈನರಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಬಹಳ. ಅದನ್ನು ಊದಿ ಹಾರಿಸಬಾರದು. ನೀರಿನಿಂದ ನೆನೆಸಿ ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿ ಕಟ್ಟಬೇಕು. ಗ್ಯಾರೇಜಿನ ಹುಡುಗರು ಅದನ್ನು ಬಾಯಿಂದ ಊದುವುದನ್ನು ನೋಡಿದಾಗಲೆಲ್ಲ ತಡೆದು ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಜಾಗ ಮತ್ತು ಸಾಮಾನು. ನಮ್ಮ ಕಡೆಯ ಅಂಗಳಗಳಿಗೆ ಶಹಾಬಾದ್ ಫರಸಿ ಹಾಸಿರುತ್ತಾರೆ. ಅದರ ಮೇಲೆ ಜಾಕ್ ಕೊಟ್ಟರೆ ಕಲ್ಲು ಒಡೆದು ಜಾಕ್ ಸರಿಯುತ್ತದೆ. ಎರೆಯ ಅಂಗಳವಾದರೆ ಜಾಕ್ ನೆಲಕ್ಕೆ ಇಳಿಯುತ್ತದೆ. ಹಳೆ ರೈಲ್ವೆ ಸ್ಲೀಪರಿನ ಕಟ್ಟಿಗೆ ತುಂಡು ಸಿಕ್ಕರೆ ಅದರಂಥ ಹಾಸು ಬೇರಿಲ್ಲ. ಜಾಕ್ ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಡದೆ ಯಾರೂ ಕೆಳಗೆ ಹೋಗಕೂಡದು. ಇಟ್ಟಿಗೆಯ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ಮಲಗುವವರನ್ನು ಕಂಡರೆ ನನ್ನ ಕೈಕಾಲು ತಣ್ಣಗಾಗುತ್ತವೆ.

ಪಾನಾಗಳ ವಿಷಯದಲ್ಲಿ ಹಳೆ ಮಹೀಂದ್ರ ಜೀಪಿಗೆ ಎರಡು ಭಾಷೆ. ಚಾಸಿ, ಎಕ್ಸೆಲ್ಲು ಅಮೆರಿಕದ ಇಂಚಿನವು; ಪೆಜೋ ಎಂಜಿನ್ ಮಿಲಿಮೀಟರಿನದು. ಮುಕ್ಕಾಲು ಇಂಚಿನ ನಟ್ಟಿಗೆ 19ರ ಪಾನಾ ಸರಿಯಾಗಿ ಕೂರುತ್ತದೆ, ವ್ಯತ್ಯಾಸ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಅರ್ಧ ಇಂಚಿನದಕ್ಕೆ 13 ಹಾಕಿದರೆ ಸಡಿಲು, ಜಂಗು ಹಿಡಿದ ನಟ್ಟಿನ ಮೂಲೆ ಉರುಳುತ್ತದೆ. 9/16ಕ್ಕೆ 14 ಹೋಗುವುದೇ ಇಲ್ಲ, 15 ಹಾಕಿದರೆ ತಿರುಗುತ್ತದೆ. ಇಂಚಿನ ರಿಂಗ್ ಪಾನಾ ಒಂದು ಸೆಟ್ಟು, ಮಿಲಿಮೀಟರಿನ ಗೋಟಿ ಪಾನಾ ಒಂದು ಸೆಟ್ಟು, ಹಾತೋಡಿ, ಪೇಚಕಸ, ಗ್ರೀಸ್ ಗನ್ನು, ಮಲ್ಟಿಮೀಟರು, ಒಂದು ಅಡಿ ಹಿತ್ತಾಳೆ ಸರಳು ಇದ್ದರೆ ಮನೆಯ ಕೆಲಸವೆಲ್ಲ ಆಗುತ್ತದೆ. ಹಿತ್ತಾಳೆ ಸರಳು ಯಾಕೆಂದರೆ, ಬೇರಿಂಗ್ ಬಡಿಯುವಾಗ ಉಕ್ಕಿನ ಮೇಲೆ ಉಕ್ಕು ಬೀಳಬಾರದು.

ಇಲ್ಲಿಂದ ಮುಂದೆ ಊರಿನ ಕೆಲಸ. ಹುಬ್ಬಳ್ಳಿಯ ಪುಣ್ಯ ಇಲ್ಲೇ ಇರುವುದು. 19ನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಇಲ್ಲಿ ರೈಲ್ವೆ ವರ್ಕ್‌ಶಾಪ್ ಬಂತು. ಅದರೊಳಗೆ ತಯಾರಾದ ಫಿಟ್ಟರು, ಟರ್ನರುಗಳಿಂದ ಲೋಹದ ಕೆಲಸ ಈ ಊರಿನ ಮನೆಮಾತಾಯಿತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದೂ ಇದೇ ಸೀಮೆಯ ಗುರ್ಲಹೊಸೂರಿನಲ್ಲಿ. ಇಂದು ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ವಸಾಹತುಗಳ ಲೇತುಗಳಲ್ಲಿ ಆಗದ ಕೆಲಸ ಬೆಳಗಾವಿಯ ಉದ್ಯಮಬಾಗದಲ್ಲಿ ಆಗುತ್ತದೆ. ಅಚ್ಚು ಹೊಯ್ಯುವ ಫೌಂಡ್ರಿಗಳೂ ಅಲ್ಲಿವೆ. ದೊಡ್ಡ ಶಹರದಲ್ಲಿ ‘ಭಾಗ ಸಿಗೂದಿಲ್ಲ, ಗಾಡಿ ಮಾರಿಬಿಡಿ’ ಎನ್ನುವ ಹೊತ್ತಿಗೆ ಇಲ್ಲಿನ ಟರ್ನರು ಸವೆದ ಶಾಫ್ಟಿನ ಮೇಲೆ ಲೋಹ ತುಂಬಿಸಿ, ಲೇತಿಗೆ ಹಾಕಿ, ಮತ್ತೆ ಅಳತೆಗೆ ತಂದಿರುತ್ತಾನೆ.

ಸಿಲಿಂಡರ್ ಬೋರು, ಕ್ರ್ಯಾಂಕ್ ಗ್ರೈಂಡಿಂಗು, ವಾಲ್ವ್ ಸೀಟು, ಪಂಪ್ ಕ್ಯಾಲಿಬ್ರೇಷನ್ನು, ಕ್ರೌನ್-ಪಿನಿಯನ್ ಹೊಂದಿಸುವುದು, ಪಾಟಾ ಕಾಸಿ ಕಮಾನು ಎತ್ತಿಸುವುದು ಇವೆಲ್ಲ ಊರಿಗೆ ಬಿಟ್ಟ ಕೆಲಸ. ಪಾಟಾ ಜೋಡಿಸುವಾಗ ಹೊಸ ಸೆಂಟರ್ ಬೋಲ್ಟು, ಹೊಸ ಯು ಬೋಲ್ಟು ಕೇಳಿ ಹಾಕಿಸಬೇಕು. ಸೆಂಟರ್ ಬೋಲ್ಟ್ ತುಂಡಾದರೆ ಎಕ್ಸೆಲ್ಲೇ ಹಿಂದೆ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಹಳೆ ರೇಡಿಯೇಟರು ತಾಮ್ರ-ಹಿತ್ತಾಳೆಯದು. ಟ್ಯಾಂಕ್ ಬೆಸುಗೆ ಬಿಡಿಸಿ, ಒಳಗೆ ಸರಳು ಹಾಯಿಸಿ, ಮತ್ತೆ ಬೆಸೆಯಬಹುದು. ಈಗಿನ ಅಲ್ಯೂಮಿನಿಯಂ-ಪ್ಲಾಸ್ಟಿಕ್ಕಿನದನ್ನು ಹೀಗೆ ಬಿಚ್ಚಿ ಕಟ್ಟಲಾಗದು. ಅದಕ್ಕೇ, ಸೋರುತ್ತದೆ ಎಂದು ಹಳೆಯದನ್ನು ಗುಜರಿಗೆ ಹಾಕಿ ಹೊಸದು ತರುವವರನ್ನು ನಾನು ತಡೆಯುತ್ತೇನೆ. ವೆಲ್ಡಿಂಗ್ ಮಾಡಿಸುವಾಗ ಒಂದು ಎಚ್ಚರ: ಸಿಜೆ ಜೀಪುಗಳ ಪೆಟ್ರೋಲ್ ಟಾಕಿ ಡ್ರೈವರ್ ಸೀಟಿನ ಕೆಳಗೇ ಇರುತ್ತದೆ. ಟಾಕಿ ಇಳಿಸಿ ದೂರ ಇಡದೆ, ಬ್ಯಾಟರಿ ವಾಯರು ತೆಗೆಯದೆ ಕಿಡಿ ಹಾರಿಸಬಾರದು.

ನಾನು ಹೋಗುವ ಮಿಸ್ತ್ರಿ ಚಾಚಾ ಎಪ್ಪತ್ತು ದಾಟಿದವರು. ಗಾಡಿ ತಂದು ನಿಲ್ಲಿಸಿದರೆ ಪಾನಾ ಮುಟ್ಟುವುದಿಲ್ಲ. ‘ಮೊದ್ಲ ಕೇಳೂಣ್ರಿ ಸರ್, ಆಮ್ಯಾಲೆ ಬಿಚ್ಚೂಣ’ ಎಂದು ಉದ್ದನೆಯ ಪೇಚಕಸದ ತುದಿ ಎಂಜಿನ್ನಿಗೆ ಇಟ್ಟು ಹಿಡಿಕೆಯನ್ನು ಕಿವಿಗೆ ಒತ್ತುತ್ತಾರೆ. ಬಿಚ್ಚಿದ ಹಳೆ ಭಾಗವನ್ನು ಕೈಗೆ ಕೊಟ್ಟು ಎಲ್ಲಿ ಸವೆದಿದೆ ಎಂದು ಬೆರಳಿನಿಂದ ಮುಟ್ಟಿಸುತ್ತಾರೆ. ನನಗೆ ಬಂದ ಅರ್ಧ ವಿದ್ಯೆ ಹೀಗೆ ಬೆರಳಿನಿಂದ ಬಂದದ್ದು. ಅವರ ಅಂಗಡಿಗೆ ಈಗ ಕಲಿಯಲು ಬರುವ ಹುಡುಗರಿಲ್ಲ. ಐಟಿಐ ಮುಗಿಸಿದವರು ಕಂಪನಿಗಳ ಶೋರೂಮಿಗೆ ಹೋಗುತ್ತಾರೆ, ಅಲ್ಲಿ ಭಾಗ ಬದಲಿಸುವುದನ್ನು ಕಲಿಯುತ್ತಾರೆ. ಬಿಡಿಭಾಗ ಸಿಗದಿರುವುದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ.

ಬಿಡಿಭಾಗವೇನೋ ಸಿಗುತ್ತದೆ, ಕೇಳುವ ರೀತಿ ಗೊತ್ತಿರಬೇಕು. ಅಂಗಡಿಯಲ್ಲಿ ‘ಎಂಎಂ 540ರ ಬೇರಿಂಗ್’ ಎಂದರೆ ಇಲ್ಲ ಎಂಬ ಉತ್ತರ ಬರಬಹುದು. ಬೇರಿಂಗಿನ ಮೈಮೇಲೆ ಕೆತ್ತಿದ ನಂಬರು ಹೇಳಿದರೆ ಅದೇ ಬೇರಿಂಗ್ ಟ್ರ್ಯಾಕ್ಟರಿನದೋ ಪಂಪಿನದೋ ಆಗಿ ಕಪಾಟಿನಲ್ಲಿ ಕೂತಿರುತ್ತದೆ. 6205 ಎಂದರೆ ಜಗತ್ತಿನಲ್ಲೆಲ್ಲ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್. ಆಯಿಲ್ ಸೀಲಿಗೂ ಹಾಗೇ, ಒಳ ಅಳತೆ, ಹೊರ ಅಳತೆ, ದಪ್ಪ. ನಂಬರು ಅಳಿಸಿದ್ದರೆ ವರ್ನಿಯರಿನಲ್ಲಿ ಅಳೆದು ಚೀಟಿ ಬರೆದುಕೊಂಡು ಹೋಗಿ. ಬೇರಿಂಗು, ಬ್ರೇಕಿನ ರಬ್ಬರು, ಸ್ಟೇರಿಂಗಿನ ಬಾಲ್ ಜಾಯಿಂಟು ಇವುಗಳಲ್ಲಿ ಅಗ್ಗದ್ದನ್ನು ಕೊಳ್ಳಬೇಡಿ. ಮಡ್‌ಗಾರ್ಡು, ಬಾಗಿಲಿನ ಕೊಂಡಿ, ಹುಡ್ಡಿನ ಬಟ್ಟೆ ಹೇಗಿದ್ದರೂ ನಡೆದೀತು.

ಕಾನೂನಿನದು ಚಿಕ್ಕ ಆದರೆ ಬಿಗಿಯಾದ ದಾರಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷ ನವೀಕರಿಸಬೇಕು, ಅದರ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ. ಕೆಎ-25 ಆಗಲಿ ಕೆಎ-63 ಆಗಲಿ, ತಪಾಸಣೆಗೆ ಹೋಗುವ ಮುನ್ನ ಚಾಸಿ ನಂಬರಿನ ಮೇಲಿನ ಬಣ್ಣ ಕೆರೆದು ಓದುವಂತೆ ಮಾಡಿಟ್ಟರೆ ಅರ್ಧ ತಾಪತ್ರಯ ತಪ್ಪುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಕಟ್ಟಿದ ಅಗಲ ಟೈರಿನ ಹೊಳೆಯುವ ಜೀಪುಗಳನ್ನು ಕಂಡು ಆಸೆಪಡುವವರು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನೆನಪಿಡಬೇಕು: ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾದ ಬದಲಾವಣೆಗೆ ಮಾನ್ಯತೆಯಿಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ‘ವಿಎ’ ಅಕ್ಷರದ ಬೇರೆ ಫಲಕ ಕೊಡುತ್ತದೆ, ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಹೊಲಕ್ಕೆ ಹೋಗಿ ಬರುವ ಜೀಪಿಗೆ ಆ ಗೌರವ ಬೇಡ. ಐದು ವರ್ಷದ ನವೀಕರಣವೇ ಸಾಕು.

ಉಳಿದದ್ದು ಕಾಲದ ಹಂಚಿಕೆ. ಕಂಪನಿಯ ಪುಸ್ತಕ ಕಿಲೋಮೀಟರ್ ಲೆಕ್ಕ ಹೇಳುತ್ತದೆ. ವರ್ಷಕ್ಕೆ ಎರಡು-ಮೂರು ಸಾವಿರ ಕಿಲೋಮೀಟರ್ ಓಡುವ ಹಳೆ ಜೀಪಿಗೆ ನಮ್ಮ ಪಂಚಾಂಗವೇ ಚೆನ್ನಾಗಿ ಹೊಂದುತ್ತದೆ. ಮಿರಗದ ಮಳೆ ಬೀಳುವ ಮೊದಲು ಬ್ರೀದರು, ನಕಲ್ ಸೀಲು, ವೈಪರು, ಬ್ರೇಕು. ಖಂಡೇಪೂಜೆಗೆ ಪಾನಾಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಪೂಜೆಗಿಡುವ ಮುನ್ನ ಎಲ್ಲ ಹೌಸಿಂಗುಗಳ ಬೂಚು ಬಿಚ್ಚಿ ಆಯಿಲ್ಲಿನ ಬಣ್ಣ ನೋಡುವುದು. ಸಂಕ್ರಾಂತಿಯ ಹೊತ್ತಿಗೆ ಪತ್ರಾದ ಜಂಗು ಕೆರೆದು ಬಣ್ಣ. ಯುಗಾದಿಗೆ, ಬಿಸಿಲೇರುವ ಮುಂಚೆ, ರೇಡಿಯೇಟರು ಮತ್ತು ಬೆಲ್ಟು. ಇದರ ಜೊತೆ ವಾರಕ್ಕೊಮ್ಮೆ ಗಾಡಿ ಹೊರಗೆ ಹೋಗಲೇಬೇಕು. ನಿಂತ ಗಾಡಿಯಲ್ಲಿ ಸೀಲಿನ ತುಟಿ ಒಣಗಿ ಸೀಳುತ್ತದೆ, ವ್ಹೀಲ್ ಸಿಲಿಂಡರು ಹಿಡಿದುಕೊಳ್ಳುತ್ತದೆ, ಟಾಕಿಯ ತಳದಲ್ಲಿ ನೀರು ಕೂಡುತ್ತದೆ, ಇಲಿ ವಾಯರು ಕಡಿಯುತ್ತದೆ.

ನನ್ನ ಕಾಕಾನಿಂದ ಬಂದ ಈ ಜೀಪಿನ ಜೊತೆಗಿದ್ದ ಸಾಮಾನುಗಳಲ್ಲಿ ಅವರು ಇಟ್ಟಿದ್ದ ಉದ್ದನೆಯ ವಹಿಯೂ ಒಂದು. ಅಂಗಡಿಯ ಲೆಕ್ಕ ಬರೆಯುವಂಥ ಕೆಂಪು ರಟ್ಟಿನದು. ಪೆನ್ಸಿಲಿನಲ್ಲಿ ತಾರೀಖು, ಕಿಲೋಮೀಟರು, ಮಾಡಿದ ಕೆಲಸ, ಕೊಟ್ಟ ರೊಕ್ಕ. ಎಡಗಡೆ ನಕಲ್ ಸೀಲು ಎಂದು ನಾಲ್ಕು ಕಡೆ ಬರೆದಿದ್ದಾರೆ, ಬಲಗಡೆಯದು ಒಂದೇ ಸಲ. ಎಡಗಡೆಯ ಗೋಳದ ಮೇಲೆ ಗೆರೆ ಇದೆ ಎಂದು ಗಾಡಿ ಎತ್ತುವ ಮೊದಲೇ ನನಗೆ ತಿಳಿದದ್ದು ಆ ವಹಿಯಿಂದ. ಅವರ ಕೊನೆಯ ಬರಹದ ನಂತರ ಒಂಬತ್ತು ವರ್ಷ ಗಾಡಿ ನಿಂತಿತ್ತು. ವಹಿಯಲ್ಲಿ ಅಷ್ಟು ಜಾಗ ಖಾಲಿ ಬಿಡದೆ ಮರುಸಾಲಿನಿಂದಲೇ ನನ್ನದು ಶುರುವಾಗುತ್ತದೆ. ಆ ಖಂಡೇಪೂಜೆಯ ಮುನ್ನಾದಿನದ ಸಾಲು ಹೀಗಿದೆ: ಹಿಂದಿನ ಹೌಸಿಂಗ್ ನೀರು ಹೊಕ್ಕಿತ್ತು. ಡೀಸೆಲ್ಲಿನಿಂದ ಎರಡು ಸಲ ತೊಳೆದೆ. ಹೊಸ ಆಯಿಲ್, ಎರಡೂ ಬದಿ ಎಕ್ಸೆಲ್ ಸೀಲು. ಬ್ರೀದರ್ ಬಿಚ್ಚಿ ಸ್ವಚ್ಛ. ಅದರ ಕೆಳಗೆ ಮಗಳ ಅಕ್ಷರ: ನೂರು ಕಿ.ಮೀ. ಆದ ಮೇಲೆ ಬೂಚು ಬಿಚ್ಚಿ ನೋಡಿದ್ದು, ನೀರಿಲ್ಲ.